ಜೋಡಿಸುವ ಇಟ್ಟಿಗೆಗಳಿಂದ ಗಣಿತ, ಭೌತಶಾಸ್ತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಗಣಿತ, ವಿಜ್ಞಾನ ಕಲಿಸುತ್ತೇನೆ. ಆಟದ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ತರಗತಿಗೆ ತರಲು ಶುರು ಮಾಡಿದ ಮೇಲೆ ಪಾಲಕರು, ಬೇರೆ ಶಾಲೆಯ ಶಿಕ್ಷಕರು, ಪುಣೆ ಮತ್ತು ಗೋವಾದ ಗೆಳತಿಯರು ಏನಾದರೂ ಕೇಳುತ್ತಲೇ ಇರುತ್ತಾರೆ. ಸಭೆಯಲ್ಲಿ, ಫೋನಿನಲ್ಲಿ, ಚೀಟಿಯಲ್ಲಿ ಬಂದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಟ್ಟಿಗೆಯ ಮೇಲಿನ ಉಬ್ಬನ್ನು ನಮ್ಮ ಮಕ್ಕಳು 'ಗುಂಡಿ' ಎನ್ನುತ್ತಾರೆ, ಅಂಗಿಯ ಗುಂಡಿ ಇದ್ದ ಹಾಗೆ. ನಾನೂ ಹಾಗೇ ಬರೆದಿದ್ದೇನೆ. '2×4' ಅಂದರೆ ಎರಡು ಸಾಲು, ಸಾಲಿಗೆ ನಾಲ್ಕು ಗುಂಡಿ.

## ಶುರು ಮಾಡುವ ಮೊದಲು

"ಅಕ್ಕೋರೆ, ಮನ್ಯಾಗ ಆಡೂದು ಸಾಲದಂತ ಸಾಲ್ಯಾಗೂ ಆಟಾನ? ಓದೂದು ಯಾವಾಗ?"

ಕಲಬುರಗಿ, ಯಾದಗಿರಿ ಕಡೆಯಿಂದ ದುಡಿಯಲು ಬಂದ ತಾಯಂದಿರು ಹೀಗೆ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಅವರು ಶಾಲೆಗೆ ಕಳಿಸುವುದು ಓದಿಗಾಗಿ.

ಸುಮ್ನೆ ಇಟ್ಟಿಗೆ ಕೊಟ್ಟು ಬಿಟ್ಟರೆ ಅದು ಆಟ. ಇಟ್ಟಿಗೆ ಕೊಟ್ಟು ಒಂದು ಪ್ರಶ್ನೆ ಕೇಳಿದರೆ ಪಾಠ. "12 ಗುಂಡಿ ಇರುವ ಆಯತ ಎಷ್ಟು ಥರ ಮಾಡಬಹುದು?" ಎಂದು ಕೇಳಿ ನೋಡಿ. ಮಗು 1×12, 2×6, 3×4 ಮಾಡುತ್ತದೆ. ಆಮೇಲೆ 13 ಗುಂಡಿ ಕೊಡಿ. ಒಂದೇ ಉದ್ದ ಸಾಲು ಬಿಟ್ಟು ಬೇರೆ ಏನೂ ಆಗುವುದಿಲ್ಲ. ಅವಿಭಾಜ್ಯ ಸಂಖ್ಯೆ ಅಂದರೇನು ಎಂದು ನಾನು ಹೇಳುವ ಮೊದಲೇ ಅದರ ಕೈಗೆ ಗೊತ್ತಾಗಿರುತ್ತದೆ.

ಇದು ಹೊಸ ವಿಚಾರವೂ ಅಲ್ಲ. ಜರ್ಮನಿಯ ಫ್ರೋಬೆಲ್ 1837ರಲ್ಲಿ ತನ್ನ ಶಿಶುವಿಹಾರ ತೆರೆದು ಮರದ ಘನಗಳಿಂದ ಕಲಿಸಿದ. ನಮ್ಮ ಪಕ್ಕದಲ್ಲೇ, ಮುಂಬೈಯಿಂದ ಗುಜರಾತಿನ ಕಡೆ ಹೋಗುವ ದಾರಿಯ ಬೋರ್ಡಿಯಲ್ಲಿ, ತಾರಾಬಾಯಿ ಮೋಡಕ್ 1945ರಲ್ಲಿ ಹಳ್ಳಿ ಮಕ್ಕಳ ಶಾಲೆ ಶುರು ಮಾಡಿದರು. ಆ ಊರಲ್ಲೇ ಸಿಗುವ ವಸ್ತುಗಳೇ ಅಲ್ಲಿನ ಕಲಿಕೆಯ ಸಾಮಾನು.

"ಲೆಗೊನೇ ಬೇಕಾ ಟೀಚರ್? ನಮ್ಮ ಶಾಲೆಗೆ ಅಷ್ಟು ದುಡ್ಡು ಎಲ್ಲಿಂದ?"

ಬೇಡ. ಆದರೆ ಲೆಗೊ ಯಾಕೆ ಚೆನ್ನಾಗಿರುತ್ತದೆ ಎಂದು ತಿಳಿದುಕೊಂಡು ಬೇರೆಯದನ್ನು ಆರಿಸಿ. ಡೆನ್ಮಾರ್ಕಿನ ಈ ಕಂಪನಿ ಶುರುವಾದದ್ದು 1932ರಲ್ಲಿ. ಈಗಿನ ಇಟ್ಟಿಗೆಗೆ ಪೇಟೆಂಟ್ ಕೇಳಿದ್ದು 1958ರ ಜನವರಿ 28ರಂದು. ಅವತ್ತಿನ ಇಟ್ಟಿಗೆ ಇವತ್ತಿನದಕ್ಕೂ ಕೂರುತ್ತದೆ. ಅಳತೆ ಅಷ್ಟು ಕಟ್ಟುನಿಟ್ಟು. ಗುಂಡಿಯಿಂದ ಗುಂಡಿಗೆ 8 ಮಿಲಿಮೀಟರ್, ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್, ತೆಳು ಪ್ಲೇಟಿನ ಎತ್ತರ 3.2 ಮಿಲಿಮೀಟರ್. ಅಂದರೆ ಮೂರು ಪ್ಲೇಟು ಸೇರಿದರೆ ಒಂದು ಇಟ್ಟಿಗೆ.

ಎಣಿಕೆ, ಭಿನ್ನರಾಶಿ, ವರ್ಗ, ಆಯತ ಇಷ್ಟಕ್ಕೆ ಕ್ರಾಫರ್ಡ್ ಮಾರ್ಕೆಟ್ ಸುತ್ತಲಿನ ಗಲ್ಲಿಗಳಲ್ಲಿ ಸಿಗುವ ಅಗ್ಗದ ಬ್ಲಾಕ್ಸ್ ಸಾಕು. ಕೊಳ್ಳುವ ಮೊದಲು ಹತ್ತು ಇಟ್ಟಿಗೆ ಒಂದರ ಮೇಲೊಂದು ಜೋಡಿಸಿ ನೋಡಿ. ಗೋಪುರ ವಾಲಿದರೆ ಬೇಡ. ಬಿಡಿಸಲು ಹಲ್ಲು ಬೇಕಾದರೆ ಖಂಡಿತ ಬೇಡ. ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆಟಿಕೆಗೆ ಅದು ಕಡ್ಡಾಯ. ಮೂರು ವರ್ಷದೊಳಗಿನ ತಮ್ಮ ತಂಗಿಯರು ಇರುವ ಮನೆಗೆ ಸಣ್ಣ ಪೀಸು ಕಳಿಸಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ದುಡ್ಡೇ ಇಲ್ಲವಾ? ಬೆಂಕಿಪೊಟ್ಟಣ ಅಂಟಿಸಿ. ಪುಣೆಯ ಖಗೋಳ ವಿಜ್ಞಾನ ಸಂಸ್ಥೆ ಐಯುಕಾದಲ್ಲಿ ಅರವಿಂದ ಗುಪ್ತಾ ಅವರು ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬ್ ಇಟ್ಟುಕೊಂಡು ಮಾಡಿದ ಕೆಲಸ ನೋಡಿದವರಿಗೆ ಈ ಧೈರ್ಯ ಬಂದೇ ಬರುತ್ತದೆ.

"ನಲವತ್ತು ಮಕ್ಕಳು, 35 ನಿಮಿಷದ ಪೀರಿಯಡ್. ಇದೆಲ್ಲ ಆಗೋ ಮಾತಾ?"

ಆಗುತ್ತದೆ, ಆದರೆ ನಲವತ್ತು ಡಬ್ಬಿ ಇಡಬೇಡಿ. ನಾಲ್ಕು ಮಕ್ಕಳಿಗೆ ಒಂದು ಡಬ್ಬಿ, ಡಬ್ಬಿಗೆ ಸುಮಾರು 60 ಪೀಸು. ನನ್ನ ಲೆಕ್ಕ ಇಷ್ಟೇ. ಒಬ್ಬರು ಕಟ್ಟುತ್ತಾರೆ, ಒಬ್ಬರು ಅಳೆಯುತ್ತಾರೆ, ಒಬ್ಬರು ಬರೆಯುತ್ತಾರೆ, ಒಬ್ಬರು ಎದ್ದು ನಿಂತು ಹೇಳುತ್ತಾರೆ. ಪ್ರತಿ ವಾರ ಕೆಲಸ ಬದಲು. ಇಲ್ಲದಿದ್ದರೆ ಜೋರು ಹುಡುಗ ಕಟ್ಟುತ್ತಲೇ ಇರುತ್ತಾನೆ, ಮೆತ್ತಗಿನ ಹುಡುಗಿ ಬರೆಯುತ್ತಲೇ ಇರುತ್ತಾಳೆ.

ಮೊದಲ ಐದು ನಿಮಿಷ ಏನೂ ಹೇಳದೆ ಆಡಲು ಬಿಡಿ. ಬಿಡದಿದ್ದರೆ ಇಡೀ ಪೀರಿಯಡ್ ಕದ್ದು ಕದ್ದು ಕಾರು ಕಟ್ಟುತ್ತಾರೆ. ಕೊನೆಯ ಹತ್ತು ನಿಮಿಷ ಇಟ್ಟಿಗೆ ಒಳಗೆ, ಪುಸ್ತಕ ಹೊರಗೆ. ಈ ಹತ್ತು ನಿಮಿಷ ತಪ್ಪಿದರೆ ಉಳಿದ 25 ನಿಮಿಷ ದಂಡ.

"ಪೀಸ್ ಕಳೆದುಹೋದ್ರೆ? ಎಣಿಸ್ತಾ ಕೂತ್ಕೊಳ್ಳೋಕಾಗುತ್ತಾ?"

ಎಣಿಸಬೇಡಿ, ತೂಗಿ. ಅಡುಗೆಮನೆಯ ಸಣ್ಣ ತಕ್ಕಡಿ ಸಾಕು. ಲೆಗೊದ 2×4 ಇಟ್ಟಿಗೆ ಸುಮಾರು 2.3 ಗ್ರಾಂ. ಡಬ್ಬಿಯ ತೂಕ 7 ಗ್ರಾಂ ಕಡಿಮೆ ಬಂದರೆ ಎಷ್ಟು ಇಟ್ಟಿಗೆ ಬೆಂಚಿನ ಕೆಳಗಿದೆ? ಮಕ್ಕಳೇ ಭಾಗಿಸಿ ಹೇಳುತ್ತಾರೆ, ಮಕ್ಕಳೇ ಹುಡುಕುತ್ತಾರೆ.

"ಮಳೆಗಾಲದಲ್ಲಿ ತೊಳೆಯೋದು ಹೇಗೆ?"

ಬಲೆಯ ಚೀಲದಲ್ಲಿ ಹಾಕಿ, ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ತೊಳೆಯಿರಿ. 40 ಡಿಗ್ರಿಗಿಂತ ಬಿಸಿ ಬೇಡ. ಫ್ಯಾನಿನ ಕೆಳಗೆ ಹರಡಿ. ಒದ್ದೆ ಇರುವಾಗಲೇ ಡಬ್ಬಿಗೆ ಹಾಕಿದರೆ ಜುಲೈ ತಿಂಗಳಲ್ಲಿ ವಾಸನೆ ಗ್ಯಾರಂಟಿ.

## ಗಣಿತ

"ನನ್ನ ಮಗ 25 ಬರಿ ಅಂದ್ರೆ 52 ಬರೀತಾನೆ. ದಡ್ಡನಾ?"

ದಡ್ಡ ಅಲ್ಲ. ಅವನ ಕಿವಿಗೆ ಮೂರು ಭಾಷೆ ಬೀಳುತ್ತಿವೆ. ಓಣಿಯಲ್ಲಿ ಮರಾಠಿಯ 'ಪಂಚವೀಸ', ಅಂದರೆ ಐದು ಮೊದಲು, ಇಪ್ಪತ್ತು ಆಮೇಲೆ. ಹಿಂದಿಯ 'ಪಚ್ಚೀಸ್' ಕೂಡ ಅದೇ ದಾರಿ. ಮಗು ಕೇಳಿದ ಕ್ರಮದಲ್ಲೇ ಬರೆದಿದೆ. 2019ರಲ್ಲಿ ರಾಜ್ಯದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ 'ವೀಸ ಪಾಚ' ಎಂದು ಹತ್ತನ್ನು ಮೊದಲು ಹೇಳುವ ಕ್ರಮ ತಂದಾಗ ಮಹಾರಾಷ್ಟ್ರದಲ್ಲಿ ಎಷ್ಟು ವಾದ ಆಯಿತು ನೆನಪಿದೆಯಲ್ಲ? ಅದರ ಬೇರು ಇದೇ ತೊಡಕು.

ಇಲ್ಲಿ ಕನ್ನಡ ನಮಗೆ ದೊಡ್ಡ ಆಸ್ತಿ. ಇಪ್ಪತ್ತೈದು: ಇಪ್ಪತ್ತು ಮೊದಲು, ಐದು ಆಮೇಲೆ, ಬರೆಯುವ ಹಾಗೇ. ಇಪ್ಪತ್ತು, ಮೂವತ್ತು, ಐವತ್ತು, ಅರವತ್ತು ಎಲ್ಲದರ ಬಾಲದಲ್ಲೂ 'ಹತ್ತು' ಅಡಗಿ ಕೂತಿದೆ.

ಹತ್ತು ಇಟ್ಟಿಗೆಯ ಗೋಪುರ ಕಟ್ಟಿಸಿ. ಅದನ್ನು ಬಿಚ್ಚಬಾರದು ಎಂದು ಹೇಳಿ. ಎರಡು ಗೋಪುರ ಎಡಗಡೆ, ಐದು ಬಿಡಿ ಇಟ್ಟಿಗೆ ಬಲಗಡೆ. ಮಗು ಎಡಗೈ ಗೋಪುರದ ಮೇಲೆ ಇಟ್ಟು 'ಇಪ್ಪತ್ತು' ಅನ್ನಲಿ, ಬಲಗೈ ಬಿಡಿ ಇಟ್ಟಿಗೆಯ ಮೇಲೆ ಇಟ್ಟು 'ಐದು' ಅನ್ನಲಿ. ಆಮೇಲೆ 52 ಕಟ್ಟಿಸಿ ಪಕ್ಕದಲ್ಲಿ ಇಡಿ. ಎರಡು ಗೋಪುರ ಎಲ್ಲಿ, ಐದು ಗೋಪುರ ಎಲ್ಲಿ! ಬಯ್ಯುವ ಕೆಲಸವೇ ಬೀಳುವುದಿಲ್ಲ. ಕಳೆಯುವ ಲೆಕ್ಕದಲ್ಲಿ 'ಸಾಲ ತರುವುದು' ಬಂದಾಗ ಮಾತ್ರ ಒಂದು ಗೋಪುರ ಬಿಚ್ಚಲು ಅನುಮತಿ ಕೊಡಿ. ಮುಖದಲ್ಲಿ ಎಂಥ ಸಂತೋಷ ಬರುತ್ತದೆ ನೋಡಿ.

"ಅರ್ಧ, ಕಾಲು ಗೊತ್ತು. 1/3 + 1/4 ಅಂದ ತಕ್ಷಣ 2/7 ಅಂತಾರೆ. ಏನು ಮಾಡೋದು?"

ಎಲ್ಲರೂ 2×4 ಇಟ್ಟಿಗೆಯನ್ನು 'ಒಂದು' ಎಂದು ಇಟ್ಟುಕೊಂಡು ಅರ್ಧ, ಕಾಲು, ಅರೆಕಾಲು ತೋರಿಸುತ್ತಾರೆ. ಎಂಟು ಗುಂಡಿಯಲ್ಲಿ ಮೂರನೇ ಒಂದು ಭಾಗ ಬರುವುದಿಲ್ಲವಲ್ಲ. ಅಲ್ಲೇ ಪಾಠ ಸಿಕ್ಕಿಕೊಳ್ಳುತ್ತದೆ. 12 ಗುಂಡಿಯ 2×6 ಇಟ್ಟಿಗೆಯನ್ನು 'ಒಂದು' ಮಾಡಿಕೊಳ್ಳಿ. ಆಗ 2×3 ಅರ್ಧ, 2×2 ಮೂರನೇ ಒಂದು, 1×3 ಕಾಲು, 1×2 ಆರನೇ ಒಂದು.

ಈಗ 2×6ರ ಮೇಲೆ ಒಂದು 2×2, ಒಂದು 1×3 ಕೂರಿಸಿ. ಎಷ್ಟು ಗುಂಡಿ ಮುಚ್ಚಿತು? 4 ಮತ್ತು 3, ಒಟ್ಟು 7. ಹನ್ನೆರಡರಲ್ಲಿ ಏಳು. ಛೇದ ಸಮ ಮಾಡುವುದು ಅಂದರೆ ಎರಡನ್ನೂ ಒಂದೇ ಗುಂಡಿಯ ಲೆಕ್ಕಕ್ಕೆ ತರುವುದು, ಅಷ್ಟೇ. ಮರುದಿನ 'ಒಂದು' ಯಾವುದು ಎಂಬುದನ್ನು ಬದಲಿಸಿ. ಇವತ್ತು 2×3 ಇಟ್ಟಿಗೆಯೇ 'ಒಂದು' ಎನ್ನಿ. ನಿನ್ನೆ ಅರ್ಧವಾಗಿದ್ದದ್ದು ಇವತ್ತು ಪೂರ್ತಿ. ಇದನ್ನು ಮಾಡದಿದ್ದರೆ ಮಕ್ಕಳು 'ಕಾಲು ಅಂದರೆ 1×3 ಇಟ್ಟಿಗೆ' ಎಂದು ನೆನಪಿಟ್ಟುಕೊಳ್ಳುತ್ತಾರೆ. ಅದು ಹೊಸ ತಪ್ಪು.

ಚುರುಕಾದ ಮಕ್ಕಳಿಗೆ ನಾನು ಮಹಾವೀರಾಚಾರ್ಯರ ಲೆಕ್ಕ ಕೊಡುತ್ತೇನೆ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ ಇದ್ದ ಗಣಿತಜ್ಞ. ಮೇಲೆ 1 ಮಾತ್ರ ಇರುವ ಭಿನ್ನರಾಶಿಗಳನ್ನು ಕೂಡಿ ಸರಿಯಾಗಿ ಒಂದು ಬರಿಸಲು ಅವರು ಒಂದು ದಾರಿ ಹೇಳಿದ್ದಾರೆ. ಮೂರು ತುಂಡಿಗೆ 1/2, 1/3, 1/6. ನಾಲ್ಕು ತುಂಡಿಗೆ 1/2, 1/3, 1/9, 1/18. ಮೊದಲನೆಯದು ನಮ್ಮ 12 ಗುಂಡಿಯ ಮೇಲೆ 6, 4, 2 ಆಗಿ ಒಂದೂ ಸಂದಿಲ್ಲದೆ ಕೂರುತ್ತದೆ. ಎರಡನೆಯದಕ್ಕೆ 18 ಗುಂಡಿ ಬೇಕು: 9, 6, 2, 1. ನಮ್ಮ ನಾಡಿನ ಸಾವಿರದ ಚಿಲ್ಲರೆ ವರ್ಷ ಹಳೆಯ ಲೆಕ್ಕವನ್ನು ಐದನೇ ತರಗತಿಯ ಮಗು ಬೆರಳಿನಿಂದ ಒತ್ತಿ ಕೂರಿಸುವಾಗ ನನಗೆ ರೋಮಾಂಚನ ಆಗುತ್ತದೆ.

"1+3+5+7 ಯಾವಾಗ್ಲೂ ವರ್ಗ ಸಂಖ್ಯೆ ಯಾಕೆ ಬರುತ್ತೆ? ಮಗಳು ಕೇಳಿದ್ಲು, ನನಗೆ ಗೊತ್ತಾಗಲಿಲ್ಲ"

ಒಂದು ಕೆಂಪು 1×1 ಇಡಿ. ಅದರ ಎರಡು ಬದಿಗೆ ಮೂಲೆ ತಿರುಗಿದ ಪಟ್ಟಿಯ ಹಾಗೆ ಮೂರು ಹಳದಿ ಇಡಿ. 2×2 ಆಯಿತು. ಅದನ್ನು ಸುತ್ತಿ ಐದು ನೀಲಿ ಇಡಿ, 3×3. ಪ್ರತಿ ಸಲ ಪಟ್ಟಿ ಎರಡು ಕಡೆಯೂ ಒಂದೊಂದು ಬೆಳೆಯಬೇಕು. ಅದಕ್ಕೇ ಎರಡೆರಡು ಜಾಸ್ತಿ, ಅದಕ್ಕೇ ಬೆಸ ಸಂಖ್ಯೆ. ಮಗಳ ಜೊತೆ ಕೂತು ಮಾಡಿ. ಬಣ್ಣ ಗುರುತಿಸಲು ಕಷ್ಟಪಡುವ ಹುಡುಗರು ಕೆಲವರು ಇರುತ್ತಾರೆ. ಅವರಿಗೆ ಒಂದು ಪದರಕ್ಕೆ ಇಟ್ಟಿಗೆ, ಒಂದು ಪದರಕ್ಕೆ ತೆಳು ಪ್ಲೇಟು ಕೊಟ್ಟರೆ ಎತ್ತರದಿಂದಲೇ ತಿಳಿಯುತ್ತದೆ.

"ಬೀಜಗಣಿತಕ್ಕೂ ಇದು ಬರುತ್ತಾ, ಅಥವಾ ಚಿಕ್ಕ ಕ್ಲಾಸಿಗೆ ಮಾತ್ರನಾ?"

ನನ್ನ ಅತ್ಯಂತ ಇಷ್ಟದ ಪಾಠವೇ ಇದು, ಎಂಟನೇ ತರಗತಿಗೆ. ಒಂದು ಇಟ್ಟಿಗೆಯ ಎತ್ತರ ಸ್ಕೇಲಿನಲ್ಲಿ ಅಳೆಯಲು ಹೇಳುತ್ತೇನೆ. ಗುಂಡಿ ಸೇರಿಸಿ ಅಳೆಯುತ್ತಾರೆ, 11 ಮಿಲಿಮೀಟರ್ ಮೇಲೆ ಸ್ವಲ್ಪ ಬರುತ್ತದೆ. "ಹಾಗಾದರೆ ಹತ್ತು ಇಟ್ಟಿಗೆ?" ಎಂದು ಕೇಳಿದರೆ ಎಲ್ಲರೂ 113 ಎನ್ನುತ್ತಾರೆ. ಕಟ್ಟಿ ಅಳೆದರೆ 98ರ ಹತ್ತಿರ. ತರಗತಿ ಒಂದು ಕ್ಷಣ ಗಪ್‌ಚುಪ್.

ಯಾಕೆ ಹೀಗೆ? ಕೆಳಗಿನ ಒಂಬತ್ತು ಗುಂಡಿ ಮೇಲಿನ ಇಟ್ಟಿಗೆಯ ಹೊಟ್ಟೆಯೊಳಗೆ ಹೋಗಿವೆ. ಹೊರಗೆ ಉಳಿದದ್ದು ಮೇಲಿನ ಒಂದೇ. ಆದ್ದರಿಂದ ಎತ್ತರ = 9.6 × ಇಟ್ಟಿಗೆಗಳ ಸಂಖ್ಯೆ + 1.7. ಗ್ರಾಫ್ ಹಾಳೆಯಲ್ಲಿ ಗುರುತು ಹಾಕಿಸಿ. ನೇರ ಗೆರೆ ಬರುತ್ತದೆ, ಆದರೆ ಸೊನ್ನೆಯಿಂದ ಶುರುವಾಗುವುದಿಲ್ಲ, 1.7ರಿಂದ ಶುರು. ಇಳಿಜಾರು ಅಂದರೆ ಒಂದು ಇಟ್ಟಿಗೆಯ ಮೈ. ಗೆರೆ ಅಕ್ಷವನ್ನು ಮುಟ್ಟುವ ಜಾಗ ಅಂದರೆ ಒಂಟಿ ಗುಂಡಿ. ಈ ಎರಡು ಮಾತನ್ನು ವರ್ಷಗಟ್ಟಲೆ ಬೋರ್ಡಿನ ಮೇಲೆ ಹೇಳಿದೆ, ತಲುಪಿದ್ದು ಇಟ್ಟಿಗೆ ಹಿಡಿದ ದಿನ.

ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಬೇಕಾದವರಿಗೆ ಇದೇ ಡಬ್ಬಿಯಲ್ಲಿ ಇನ್ನೊಂದು ಇದೆ. ಐದು ಇಟ್ಟಿಗೆಯ ಮೈಯ ಎತ್ತರವೂ ಆರು ಗುಂಡಿಯ ಉದ್ದವೂ 48 ಮಿಲಿಮೀಟರ್. ಅದಕ್ಕಿಂತ ಮೊದಲು ಎಲ್ಲೂ ಎರಡೂ ಸರಿಹೊಂದುವುದಿಲ್ಲ.

"ನಾ ಗಾರೆ ಕೆಲಸ ಮಾಡಾಂವ. ಮೂರು-ನಾಕು-ಐದು ನಮಗ ಗೊತ್ತೈತಿ. ಸಾಲ್ಯಾಗ ಇದನ್ನ ಏನಂತ ಕಲಸ್ತೀರಿ?"

ಪೈಥಾಗೊರಸ್ ಪ್ರಮೇಯ ಎಂದು ಕಲಿಸುತ್ತೇವೆ, ಅಣ್ಣಾವ್ರೆ. ನೀವು ಪಾಯ ಹಾಕುವಾಗ ದಾರದಲ್ಲಿ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಮಾಡಿ, ಎರಡು ಗುರುತಿನ ನಡುವೆ 5 ಅಡಿ ಬಂದರೆ ಮೂಲೆ ಸರಿ ಎನ್ನುತ್ತೀರಲ್ಲ, ಅದೇ.

ಈ ಪ್ರಶ್ನೆ ಕೇಳಿದ ತಂದೆಯನ್ನು ಒಂದು ಶನಿವಾರ ತರಗತಿಗೇ ಕರೆದೆ. ದಾರ, ಮೂಲೆಮಟ್ಟ, ರಸಮಟ್ಟ ತಂದರು. ನೆಲದ ಮೇಲೆ ಮೂಲೆ ಹಾಕಿ ತೋರಿಸಿದರು. ಮಗ ಮುಂದಿನ ಬೆಂಚಿಗೆ ಬಂದು ಕೂತ. ಆಮೇಲೆ ಇಟ್ಟಿಗೆಗಳ ಜೊತೆ ಬರುವ, ಸಾಲಾಗಿ ತೂತಿರುವ ಪ್ಲಾಸ್ಟಿಕ್ ಪಟ್ಟಿಗಳಿಂದ ಮಕ್ಕಳು ಅದೇ ತ್ರಿಕೋನ ಮಾಡಿದರು.

ಇಲ್ಲಿ ಒಂದು ಎಚ್ಚರ. ಮಕ್ಕಳು 3, 4, 5 ತೂತು ಎಣಿಸಿ ಮೊಳೆ ಹಾಕುತ್ತಾರೆ, ಮೂಲೆ ಸರಿಬರುವುದಿಲ್ಲ. ಎಣಿಸಬೇಕಾದದ್ದು ತೂತಲ್ಲ, ತೂತುಗಳ ನಡುವಿನ ಅಂತರ. ಅದಕ್ಕೆ 4, 5, 6 ತೂತು ಬೇಕು. ಬೇಲಿಗೆ ಗೂಟ ನೆಟ್ಟವರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ.

"ಇಟ್ಟಿಗೆಯಿಂದ ಆಗದ ಪಾಠ ಇದೆಯಾ?"

ಇದೆ. ಋಣ ಸಂಖ್ಯೆಗೆ ಇಟ್ಟಿಗೆ ಬೇಡ. 'ಇಲ್ಲದ ಮೂರು ಇಟ್ಟಿಗೆ' ಎಂದರೆ ಮಗುವಿಗೆ ಗೊಂದಲ. ಅದಕ್ಕೆ ಲಿಫ್ಟ್ ಒಳ್ಳೆಯದು, ನೆಲಮಾಳಿಗೆಯ ಪಾರ್ಕಿಂಗ್ ಇರುವ ಟವರುಗಳು ಮುಂಬೈಯಲ್ಲಿ ಬೇಕಾದಷ್ಟಿವೆ. ವೃತ್ತ, ಪೈ ಬೇಕಾದರೆ ಬಳೆ, ತಟ್ಟೆ, ದಾರ.

ವಸ್ತು ಎಷ್ಟು ಹೊರಗೆ ಚಾಚಿದರೆ ಬೀಳುತ್ತದೆ ಎಂಬುದಕ್ಕೂ ಇಟ್ಟಿಗೆ ಬೇಡ, ಗುಂಡಿ ಹಿಡಿದುಕೊಂಡುಬಿಡುತ್ತದೆ. ಒಂದೇ ಅಳತೆಯ ನಾಲ್ಕು ಪಠ್ಯಪುಸ್ತಕ ತನ್ನಿ. ಮೇಲಿನದು ತನ್ನ ಕೆಳಗಿನದಕ್ಕಿಂತ ಅರ್ಧ ಹೊರಗೆ, ಅದರ ಕೆಳಗಿನದು ಕಾಲು, ಮುಂದಿನದು ಆರನೇ ಒಂದು, ಕೊನೆಯದು ಮೇಜಿನ ಅಂಚಿನಿಂದ ಎಂಟನೇ ಒಂದು. ಕೂಡಿದರೆ 25/24. ಒಂದಕ್ಕಿಂತ ಜಾಸ್ತಿ! ಮೇಲಿನ ಪುಸ್ತಕ ಪೂರ್ತಿಯಾಗಿ ಮೇಜಿನಾಚೆ ಗಾಳಿಯಲ್ಲಿರುತ್ತದೆ. ಲೆಕ್ಕದ ತುದಿಗೆ ಸರಿಯಾಗಿ ಇಟ್ಟರೆ ಬೀಳಬಹುದು, ಒಂದೊಂದು ಕೂದಲೆಳೆ ಹಿಂದಕ್ಕೆ ಇಡಿ.

"ಬೋರ್ಡ್ ಪರೀಕ್ಷೆಯಲ್ಲಿ ಇಟ್ಟಿಗೆ ಕೊಡಲ್ವಲ್ಲ ಮೇಡಂ?"

ಕೊಡುವುದಿಲ್ಲ. ಅದಕ್ಕೇ ಇಟ್ಟಿಗೆಯನ್ನು ಬಿಡಿಸಬೇಕು, ಮಗುವಿಗೆ ಹಾಲು ಬಿಡಿಸಿದ ಹಾಗೆ ಮೆಲ್ಲಗೆ. ಮೊದಲ ದಿನ ಕೈಯಲ್ಲಿ ಕಟ್ಟುವುದು. ಎರಡನೇ ದಿನ ಕಟ್ಟಿದ್ದನ್ನು ಚೌಕ ಹಾಳೆಯಲ್ಲಿ ಚಿತ್ರ ಬರೆಯುವುದು. ಮೂರನೇ ದಿನ ಡಬ್ಬಿ ಮೇಜಿನ ಮೇಲಿರುತ್ತದೆ, ಮುಚ್ಚಳ ಹಾಕಿರುತ್ತದೆ. ಕಣ್ಣು ಮುಚ್ಚಿ ನೆನಪಿಸಿಕೊಂಡು ಅಂಕಿಯಲ್ಲಿ ಬರೆಯಬೇಕು. ಸಿಕ್ಕಿಕೊಂಡವರು ಮಾತ್ರ ಮುಚ್ಚಳ ತೆಗೆಯಬಹುದು. ವಾರದ ಕೊನೆಗೆ ಯಾರ ಡಬ್ಬಿ ತೆರೆಯಲಿಲ್ಲವೋ ಅವರಿಗೆ ಪಾಠ ಬಂದಿದೆ ಎಂದು ಅರ್ಥ. ಈ ಮೂರು ಮೆಟ್ಟಿಲಲ್ಲಿ ಚಿತ್ರದ ಮೆಟ್ಟಿಲನ್ನೇ ಜಾಸ್ತಿ ಜನ ಹಾರುತ್ತಾರೆ. ನಾನೂ ಮೊದಲ ವರ್ಷ ಹಾರಿದ್ದೆ. ತರಗತಿಯಲ್ಲಿ ಚೆನ್ನಾಗಿ ಕಟ್ಟಿದ ಮಕ್ಕಳು ಪರೀಕ್ಷೆಯಲ್ಲಿ ಅದೇ ಲೆಕ್ಕ ಬಿಟ್ಟು ಬಂದಿದ್ದರು.

"ಕನ್ನಡ ಪದ ಹೇಳಿಕೊಡಬೇಕಾ, ಇಂಗ್ಲಿಷಾ? ಹನ್ನೊಂದನೇ ಕ್ಲಾಸಿಗೆ ಹೇಗೂ ಇಂಗ್ಲಿಷ್ ಅಲ್ವಾ?"

ಮೂರೂ ಬೇಕು, ಕ್ರಮ ಮುಖ್ಯ. ಮೊದಲು ಮಗುವಿನದೇ ಮಾತು: "ಇದು ವಾಲ್ತದ". ಆಮೇಲೆ ಪುಸ್ತಕದ ಮಾತು: ಗುರುತ್ವ ಕೇಂದ್ರ ಆಧಾರದ ಹೊರಗೆ ಬಂತು. ಕೊನೆಗೆ ಇಂಗ್ಲಿಷ್ ಹೆಸರು, 'ಸೆಂಟರ್ ಆಫ್ ಗ್ರ್ಯಾವಿಟಿ'. ನಮ್ಮಲ್ಲಿ ಗೋಡೆಯ ಮೇಲೆ ಮೂರು ಅಂಕಣದ ಪಟ್ಟಿ ಇದೆ. ಮೊದಲ ಅಂಕಣ ಮಕ್ಕಳೇ ತುಂಬುತ್ತಾರೆ. ಉಡುಪಿ ಕಡೆಯ ಮನೆಯ ಹುಡುಗಿ ತುಳು ಬರೆದಳು, ಅದೂ ಇದೆ. ಮನೆಯ ಮಾತಿನಲ್ಲಿ ಅರ್ಥವಾದದ್ದಕ್ಕೆ ಇಂಗ್ಲಿಷ್ ಹೆಸರು ಇಡುವುದು ಒಂದು ದಿನದ ಕೆಲಸ. ಅರ್ಥವಾಗದೆ ಬಾಯಿಪಾಠ ಮಾಡಿದ ಹೆಸರಿಗೆ ಆಮೇಲೆ ಅರ್ಥ ತುಂಬುವುದು ತುಂಬಾ ಕಷ್ಟ.

## ಭೌತಶಾಸ್ತ್ರ

"ತಕ್ಕಡಿ, ಸನ್ನೆ ಪಾಠಕ್ಕೆ ಇಟ್ಟಿಗೆ ಹೇಗೆ ಬಳಸೋದು?"

ಹದಿನೈದು ತೂತಿನ ಉದ್ದ ಪಟ್ಟಿಯ ನಡುವಿನ ತೂತಿಗೆ ಕಡ್ಡಿ ಹಾಕಿ ತೂಗುಬಿಡಿ. ಎಡಗಡೆ ನಡುವಿನಿಂದ 2ನೇ ತೂತಿಗೆ ಮೂರು ಇಟ್ಟಿಗೆ ನೂಲಿನಲ್ಲಿ ಕಟ್ಟಿ. "ಬಲಗಡೆ ಎರಡೇ ಇಟ್ಟಿಗೆ ಕೊಡುತ್ತೇನೆ, ಸಮ ಮಾಡಿ" ಎನ್ನಿ. ಹುಡುಕುತ್ತಾ ಹುಡುಕುತ್ತಾ 3ನೇ ತೂತಿಗೆ ಬರುತ್ತಾರೆ. 3×2 = 2×3. ಸೂತ್ರ ಹೇಳಬೇಡಿ, ಇನ್ನೂ ನಾಲ್ಕು ಜೋಡಿ ಹುಡುಕಲು ಹೇಳಿ. ಐದನೆಯದಕ್ಕೆ ಯಾರೋ ಒಬ್ಬರು ಕಿರುಚುತ್ತಾರೆ.

"ಲೆಗೊ ನೀರಲ್ಲಿ ತೇಲುತ್ತಾ, ಮುಳುಗುತ್ತಾ? ಒಬ್ಬೊಬ್ರು ಒಂದೊಂದು ಹೇಳ್ತಾರೆ"

ಇಬ್ಬರೂ ಸರಿ. ಲೆಗೊ ಇಟ್ಟಿಗೆ ಎಬಿಎಸ್ ಎಂಬ ಪ್ಲಾಸ್ಟಿಕ್ಕಿನದು. ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.05 ಗ್ರಾಂ, ನೀರಿಗಿಂತ ಸ್ವಲ್ಪವೇ ಜಾಸ್ತಿ. ಹೊಟ್ಟೆಯಲ್ಲಿ ಗಾಳಿ ಸಿಕ್ಕಿಕೊಂಡರೆ ತೇಲುತ್ತದೆ, ಓರೆ ಮಾಡಿ ಗಾಳಿ ಬಿಟ್ಟರೆ ಮೆಲ್ಲಗೆ ಮುಳುಗುತ್ತದೆ. ಅಗ್ಗದ ಬ್ಲಾಕ್ಸ್ ಕೆಲವು ಗಾಳಿ ಬಿಟ್ಟರೂ ತೇಲುತ್ತವೆ. ಅವು ಪಾಲಿಪ್ರೊಪಿಲೀನ್‌ನಂಥ ಹಗುರ ಪ್ಲಾಸ್ಟಿಕ್ ಇರಬಹುದು.

ಈಗ ಮುಂಬೈ ಮಕ್ಕಳಿಗೆ ತಕ್ಕ ಪ್ರಶ್ನೆ. ಗಾಳಿ ಬಿಟ್ಟ ಇಟ್ಟಿಗೆಯನ್ನು ಚೌಪಾಟಿಯ ಸಮುದ್ರಕ್ಕೆ ಹಾಕಿದರೆ? "ಉಪ್ಪು ನೀರು, ತೇಲುತ್ತೆ" ಎಂದು ಎಲ್ಲರೂ ಹೇಳುತ್ತಾರೆ. ಸಮುದ್ರದ ನೀರಿನ ಸಾಂದ್ರತೆ ಸುಮಾರು 1.025 ಮಾತ್ರ. ಮುಳುಗುತ್ತದೆ! ಸಮುದ್ರಕ್ಕೆ ಪ್ಲಾಸ್ಟಿಕ್ ಹಾಕುವುದು ಬೇಡ, ಬಕೆಟ್ಟಿನಲ್ಲಿ ಮಾಡಿ. ಲೀಟರ್ ನೀರಿಗೆ ಹತ್ತತ್ತು ಗ್ರಾಂ ಉಪ್ಪು ಸೇರಿಸುತ್ತಾ ಹೋಗಿ. ನೂರು ಗ್ರಾಂ ತಲುಪುವಷ್ಟರಲ್ಲಿ ಇಟ್ಟಿಗೆ ಏಳುತ್ತದೆ. ಆ ಕ್ಷಣಕ್ಕೆ ಕಾಯುವ ನಲವತ್ತು ಮುಖ ನೋಡಬೇಕು.

"ನಡುವೆ ಇನ್ನೊಂದು ಗೇರ್ ಹಾಕಿದ್ರೆ ಸ್ಪೀಡ್ ಜಾಸ್ತಿ ಆಗುತ್ತಾ?"

ಆಗುವುದಿಲ್ಲ. 24 ಹಲ್ಲಿನ ಚಕ್ರ 8 ಹಲ್ಲಿನದನ್ನು ತಿರುಗಿಸಿದರೆ ಚಿಕ್ಕದು ಮೂರು ಪಟ್ಟು ಬೇಗ ತಿರುಗುತ್ತದೆ. ಎಳೆಯುವ ಬಲ ಮೂರನೇ ಒಂದಕ್ಕೆ ಇಳಿಯುತ್ತದೆ. ನಡುವೆ ಎಷ್ಟು ಹಲ್ಲಿನ ಚಕ್ರ ಹಾಕಿದರೂ ಅದೇ ಮೂರು, ತಿರುಗುವ ದಿಕ್ಕು ಮಾತ್ರ ಬದಲು. ಪಟ್ಟು ಬದಲಾಗಬೇಕಾದರೆ ಒಂದೇ ಕಡ್ಡಿಗೆ ಎರಡು ಚಕ್ರ ಹಾಕಬೇಕು. 40 ಹಲ್ಲು 8ಕ್ಕೆ, ಅದೇ ಕಡ್ಡಿಯ ಇನ್ನೊಂದು 40 ಮತ್ತೆ 8ಕ್ಕೆ. ಐದು ಐದಲಿ ಇಪ್ಪತ್ತೈದು.

"ಗ್ವಾಡಿ ಕಟ್ಟುವಾಗ ಸಂದಿನ ಮ್ಯಾಲೆ ಸಂದು ಬರಬಾರ್ದು ಅಂತೀವಿ. ಇದೂ ಸೈನ್ಸಾ?"

ಸೈನ್ಸೇ. ಎರಡು ಗೋಡೆ ಕಟ್ಟಿಸಿ. ಒಂದರಲ್ಲಿ ಇಟ್ಟಿಗೆ ಸರಿಯಾಗಿ ಇಟ್ಟಿಗೆಯ ಮೇಲೆ, ಸಂದು ಉದ್ದಕ್ಕೂ ನೇರ. ಇನ್ನೊಂದರಲ್ಲಿ ಪ್ರತಿ ಸಾಲೂ ಅರ್ಧ ಇಟ್ಟಿಗೆ ಸರಿದಿರಲಿ. ಬೆರಳಲ್ಲಿ ತಳ್ಳಿ. ಮೊದಲನೆಯದು ಬೇರೆ ಬೇರೆ ಕಂಬಗಳಾಗಿ ಬಿಚ್ಚಿಕೊಳ್ಳುತ್ತದೆ. ಎರಡನೆಯದರಲ್ಲಿ ಮೇಲಿನ ಒಂದು ಇಟ್ಟಿಗೆಯ ಭಾರ ಕೆಳಗಿನ ಎರಡಕ್ಕೆ, ಅಲ್ಲಿಂದ ಮೂರಕ್ಕೆ ಹಂಚಿಹೋಗುತ್ತದೆ.

ಇದರ ಜೊತೆಗೇ ನಾಲ್ಕು ಪಟ್ಟಿಯ ಚೌಕ ಮಾಡಿಸಿ. ಒತ್ತಿದರೆ ಓರೆಯಾಗುತ್ತದೆ. ಮೂಲೆಯಿಂದ ಮೂಲೆಗೆ ಒಂದು ಪಟ್ಟಿ ಹಾಕಿದರೆ ಅಲುಗುವುದಿಲ್ಲ. ಲೋಕಲ್ ಸ್ಟೇಷನ್ನಿನ ಹಳೆಯ ಕಬ್ಬಿಣದ ಸೇತುವೆಯಲ್ಲೂ, ಅಪ್ಪ ಹತ್ತುವ ಬಿದಿರಿನ ಸಾರವೆಯಲ್ಲೂ ಆ ಓರೆ ಪಟ್ಟಿ ಹುಡುಕಿ ಬನ್ನಿ ಎಂದು ಮನೆಗೆಲಸ ಕೊಡುತ್ತೇನೆ.

## ಸ್ವಲ್ಪ ಮುಂದಿನವು

"ಎರಡು ಇಟ್ಟಿಗೆ ಜೋಡಿಸೋಕೆ 24 ದಾರಿ ಅಂತ ಓದಿದೆ. ನಾನು ಎಣಿಸಿದರೆ 46 ಬರುತ್ತೆ"

ನೀವು ಸರಿಯಾಗಿ ಎಣಿಸಿದ್ದೀರಿ. ಕೆಳಗಿನ 2×4 ಇಟ್ಟಿಗೆ ಅಲುಗಬಾರದು ಎಂದರೆ, ಮೇಲಿನದು ಅದೇ ದಿಕ್ಕಿನಲ್ಲಿ 7×3 = 21 ಜಾಗದಲ್ಲಿ, ಅಡ್ಡಲಾಗಿ 5×5 = 25 ಜಾಗದಲ್ಲಿ ಕೂರುತ್ತದೆ. ಒಟ್ಟು 46. ಆದರೆ ಜೋಡಿಯನ್ನು ಅರ್ಧ ಸುತ್ತು ತಿರುಗಿಸಿದರೆ ಒಂದು ಇನ್ನೊಂದರ ಹಾಗೇ ಕಾಣುತ್ತದೆ. ಎರಡು ಜೋಡಣೆಗಳು ಮಾತ್ರ ತಿರುಗಿಸಿದರೂ ತಮ್ಮ ಹಾಗೇ ಇರುತ್ತವೆ, ಸರಿಯಾಗಿ ಮೇಲೆ ಕೂತದ್ದು ಮತ್ತು ಸರಿಯಾದ ಶಿಲುಬೆ. ಉಳಿದ 44 ಜೋಡಿ ಜೋಡಿಯಾಗಿ 22. ಅದಕ್ಕೆ ಆ 2 ಸೇರಿದರೆ 24. ಮೂರು ಇಟ್ಟಿಗೆಗೆ 1,060. ಆರು ಇಟ್ಟಿಗೆಗೆ 91,51,03,765. ಮೊದಲು ಕಂಪನಿ ಹೇಳುತ್ತಿದ್ದ ಸಂಖ್ಯೆ ಇದಕ್ಕಿಂತ ತುಂಬಾ ಚಿಕ್ಕದು. ಡೆನ್ಮಾರ್ಕಿನ ಗಣಿತಜ್ಞ ಸೋರೆನ್ ಐಲರ್ಸ್ ಕಂಪ್ಯೂಟರಿನಿಂದ ಎಣಿಸಿ ಸರಿಪಡಿಸಿದರು.

"ಕೆಳಗಿನ ಇಟ್ಟಿಗೆ ಒಡೆಯೋವರೆಗೂ ಗೋಪುರ ಕಟ್ಟಿದ್ರೆ ಎಷ್ಟು ಎತ್ತರ?"

2012ರಲ್ಲಿ ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯಲ್ಲಿ 2×2 ಇಟ್ಟಿಗೆಯನ್ನು ಯಂತ್ರದಲ್ಲಿ ಒತ್ತಿ ನೋಡಿದರು. ಸರಾಸರಿ 4,240 ನ್ಯೂಟನ್ ತಡೆಯಿತು. ಅಂದರೆ ಸುಮಾರು 432 ಕಿಲೋ ಭಾರ. ಒಂದು 2×2 ಸುಮಾರು 1.15 ಗ್ರಾಂ. ಭಾಗಿಸಿ: ಸುಮಾರು 3,75,000 ಇಟ್ಟಿಗೆ. 9.6 ಮಿಲಿಮೀಟರಿನಿಂದ ಗುಣಿಸಿ: ಮೂರೂವರೆ ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿ 1,646 ಮೀಟರ್. ಅಂಥ ಎರಡನ್ನು ಒಂದರ ಮೇಲೊಂದು ಇಟ್ಟರೂ ಸಾಲದು. ನಿಜವಾಗಿ ಕಟ್ಟಿದರೆ ಇಟ್ಟಿಗೆ ಒಡೆಯುವ ಎಷ್ಟೋ ಮೊದಲೇ ಗೋಪುರ ಬಾಗಿ ಬೀಳುತ್ತದೆ. "ಯಾಕೆ?" ಎಂಬಲ್ಲಿಂದ ಮುಂದಿನ ಪಾಠ ಶುರು.

"ವಿಕಿರಣದ ಅರ್ಧಾಯುಷ್ಯ ಹೇಗೆ ತೋರಿಸೋದು? ಅದು ಕಣ್ಣಿಗೆ ಕಾಣಲ್ವಲ್ಲ?"

ವಿಕಿರಣ ಸೂಸುವ ವಸ್ತುವಿನ ಪರಮಾಣುಗಳಲ್ಲಿ ಅರ್ಧದಷ್ಟು ಒಡೆಯಲು ಹಿಡಿಯುವ ಕಾಲವೇ ಅರ್ಧಾಯುಷ್ಯ. ನೂರು 2×2 ಇಟ್ಟಿಗೆ ಚೀಲದಲ್ಲಿ ಕುಲುಕಿ ನೆಲಕ್ಕೆ ಸುರಿಯಿರಿ. ಗುಂಡಿ ಮೇಲೆ ಮಾಡಿ ಬಿದ್ದವು 'ಒಡೆದ' ಪರಮಾಣುಗಳು, ತೆಗೆದಿಡಿ. ಉಳಿದವನ್ನು ಎಣಿಸಿ, ಮತ್ತೆ ಸುರಿಯಿರಿ. ನಾಣ್ಯದಲ್ಲಿ ಮಾಡಿದರೆ ಉತ್ತರ ಮೊದಲೇ ಗೊತ್ತು, ಅರ್ಧ. ಇಟ್ಟಿಗೆಗೆ ಮೇಲೂ ಕೆಳಗೂ ಒಂದೇ ಥರ ಇಲ್ಲ, ಎಷ್ಟು ಪಾಲು ಹೋಗುತ್ತದೆ ಎಂದು ಮಾಡಿಯೇ ತಿಳಿಯಬೇಕು. ಅದೇ ಇದರ ಚೆಲುವು. ಸಲಕ್ಕೆ ಕಾಲುಭಾಗ ಹೋಗುತ್ತದೆ ಎಂದಿಟ್ಟುಕೊಳ್ಳಿ. 100, 75, 56, 42. ಅರ್ಧ ಆಗುವುದು ಎರಡನೇ ಮತ್ತು ಮೂರನೇ ಸುರಿತದ ನಡುವೆ. ಯಾವ ಇಟ್ಟಿಗೆ ಹೋಗುತ್ತದೆ ಎಂದು ಯಾರೂ ಹೇಳಲಾರರು, ಎಷ್ಟು ಹೋಗುತ್ತವೆ ಎಂದು ಎಲ್ಲರೂ ಹೇಳಬಹುದು.

"ದೊಡ್ಡ ವಿಜ್ಞಾನಿಗಳು ನಿಜವಾಗ್ಲೂ ಲೆಗೊ ಬಳಸ್ತಾರಾ, ಟೀಚರ್?"

ಬಳಸಿದ್ದಾರೆ. 1889ರಿಂದ ಪ್ಯಾರಿಸ್ ಹತ್ತಿರ ಇಟ್ಟಿದ್ದ ಪ್ಲಾಟಿನಂ-ಇರಿಡಿಯಂ ಉರುಳೆಯೇ 'ಒಂದು ಕಿಲೋ' ಆಗಿತ್ತು. 2019ರ ಮೇ 20ರಿಂದ ಕಿಲೋಗ್ರಾಂ ಪ್ಲಾಂಕ್ ಸ್ಥಿರಾಂಕ ಎಂಬ, ಎಲ್ಲೂ ಬದಲಾಗದ ಭೌತಶಾಸ್ತ್ರದ ಒಂದು ಸಂಖ್ಯೆಯ ಲೆಕ್ಕದಲ್ಲಿದೆ. ಕಿಲೋವನ್ನು ಹೀಗೆ ಅಳೆಯುವ ಒಂದು ಬಗೆಯ ತಕ್ಕಡಿಯಲ್ಲಿ ಒಂದು ಕಡೆ ತೂಕ, ಇನ್ನೊಂದು ಕಡೆ ಅಯಸ್ಕಾಂತದ ನಡುವಿನ ತಂತಿ ಸುರುಳಿ. ಸುರುಳಿಯಲ್ಲಿ ಕರೆಂಟು ಹರಿಸಿ ತೂಕವನ್ನು ಸಮ ಮಾಡುತ್ತಾರೆ. ಅಮೆರಿಕದ ಅಳತೆ ಮಾನದಂಡಗಳ ಸಂಸ್ಥೆ ನಿಸ್ಟ್‌ನ ವಿಜ್ಞಾನಿಗಳು ಇದರ ಪುಟ್ಟ ಮಾದರಿಯನ್ನು ಲೆಗೊದಲ್ಲೇ ಕಟ್ಟಿ 2015ರಲ್ಲಿ ಪ್ರಕಟಿಸಿದರು. ಅದರ ಅಳತೆಯ ಅನಿಶ್ಚಿತತೆ ಸುಮಾರು ನೂರಕ್ಕೆ ಒಂದು.

ನಾವು ಅಷ್ಟು ದೂರ ಹೋಗಿಲ್ಲ. ಹತ್ತನೇ ತರಗತಿಯ ವಿದ್ಯುತ್ ಪಾಠ ಮುಗಿದ ಮೇಲೆ ಮೇಲೆ ಹೇಳಿದ ಹದಿನೈದು ತೂತಿನ ಪಟ್ಟಿಯ ಒಂದು ತುದಿಗೆ ತಾಮ್ರದ ತಂತಿಯ ಸುರುಳಿ ಕಟ್ಟುತ್ತೇವೆ, ಅದರ ಕೆಳಗೆ ಅಯಸ್ಕಾಂತ ಇಡುತ್ತೇವೆ. ಇನ್ನೊಂದು ತುದಿಗೆ 1×1 ಇಟ್ಟಿಗೆಗಳು. ಒಂದು ಇಟ್ಟಿಗೆ ಎತ್ತಲು ಎಷ್ಟು ಕರೆಂಟು, ಎರಡಕ್ಕೆ ಎಷ್ಟು, ಮೂರಕ್ಕೆ ಎಷ್ಟು ಎಂದು ಮೀಟರ್ ನೋಡಿ ಬರೆಯುತ್ತಾರೆ. ಸುರುಳಿ ಬಿಸಿಯಾಗುತ್ತದೆ, ಸ್ವಿಚ್ಚನ್ನು ಎರಡು ಮೂರು ಸೆಕೆಂಡಿಗಿಂತ ಜಾಸ್ತಿ ಒತ್ತಬೇಡಿ. ಬಂದ ಅಂಕಿಗಳನ್ನು ಎಂಟನೇ ತರಗತಿಯಲ್ಲಿ ಇಟ್ಟಿಗೆಯ ಗೆರೆ ಎಳೆದ ಅದೇ ಥರದ ಗ್ರಾಫ್ ಹಾಳೆಯಲ್ಲಿ ಹಾಕಿಸಿ.